ಪಕ್ಕದಲ್ಲಿ ಇಬ್ಬರು, ಹಿಂದೆ ಒಂದು ಖಾಲಿ ಮನೆ: ಬ್ಯಾಟಲ್‌ಲೋರ್ ಆಟದಲ್ಲಿ ಆಸರೆ ತುಕಡಿಗಳನ್ನು ಬಳಸುವ ಬಗೆ

ನಮ್ಮ ಬದಿಯಡ್ಕದ ಕಡೆ ಆಟಿ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ತೋಟಕ್ಕೆ ಇಳಿಯುವಂತಿಲ್ಲ. ಹಿಂದೆ ಅಂಥ ಸಂಜೆಗಳಲ್ಲಿ ಚಾವಡಿಗೆ ಚೆನ್ನೆಮಣೆ ಬರುತ್ತಿತ್ತು. ಈಗಲೂ ಬರುತ್ತದೆ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ದೊಡ್ಡ ಪೆಟ್ಟಿಗೆಯೂ ಕೂರುತ್ತದೆ. ಗಲ್ಫಿನಲ್ಲಿದ್ದ ಬಾವ ಊರಿಗೆ ಬರುವಾಗ ಹೊತ್ತು ತಂದ ಬ್ಯಾಟಲ್‌ಲೋರ್. ನಿಯಮದ ಪುಸ್ತಕ ಇಂಗ್ಲಿಷಿನದು. ಆಡುವವರ ಬಾಯಲ್ಲಿ ಮಾತ್ರ ಕನ್ನಡ, ತುಳು, ಮಲಯಾಳ ಮೂರೂ ಓಡಾಡುತ್ತವೆ. ಪುಸ್ತಕದ ‘ಸಪೋರ್ಟ್’ ನಮ್ಮ ಚಾವಡಿಯಲ್ಲಿ ‘ಆಸರೆ’ ಆಗಿದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಹೊಸಬರು ಈ ಆಟದಲ್ಲಿ ಸೋಲುವುದಕ್ಕೆ ದಾಳ ಕಾರಣವಲ್ಲ, ಆಸರೆಯೇ ಕಾರಣ ಎಂಬುದು ನಾನು ಕಂಡುಕೊಂಡದ್ದು. ಕೆಲವರು ಆಸರೆಯನ್ನು ಮರೆಯುತ್ತಾರೆ. ಇನ್ನು ಕೆಲವರು ಅದನ್ನು ಅತಿಯಾಗಿ ನಂಬಿ ಎಲ್ಲರನ್ನೂ ಒಂದೇ ಕಡೆ ತುರುಕುತ್ತಾರೆ. ಎರಡನೆಯ ತಪ್ಪು ನನ್ನದೂ ಆಗಿತ್ತು. ಅದರಿಂದ ಹೊರಗೆ ಬರಲು ಒಂದು ಇಡೀ ಮಳೆಗಾಲ ಬೇಕಾಯಿತು. ನಿಮಗೆ ಅಷ್ಟು ದಿನ ಬೇಡ.

ಆಟದ ಪರಿಚಯ ಚಿಕ್ಕದಾಗಿ. ಇದನ್ನು ರೂಪಿಸಿದವರು ರಿಚರ್ಡ್ ಬೋರ್ಗ್. 2006ರಲ್ಲಿ ಡೇಸ್ ಆಫ್ ವಂಡರ್ ಪ್ರಕಟಿಸಿತು. ಇವರದೇ ಮೆಮೊಯಿರ್ 44 ಆಟ 2004ರಲ್ಲಿ ಬಂದಿತ್ತು. ಅದನ್ನು ಆಡಿದವರಿಗೆ ಇದರ ಕಾರ್ಡು, ದಾಳ ಹೊಸದೆನಿಸುವುದಿಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದ ಸೈನಿಕರು, ಅವರ ಜೊತೆಗೆ ಡ್ವಾರ್ಫ್ ಎಂಬ ಗಟ್ಟಿ ಕುಳ್ಳರು, ಗಾಬ್ಲಿನ್‌ಗಳು, ಒಂದು ದೈತ್ಯ ಜೇಡ ಎಲ್ಲರೂ ಒಂದೇ ರಣರಂಗದಲ್ಲಿ ಸೇರುತ್ತಾರೆ. 2013ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ನಿಯಮಗಳು ಬದಲಾಗಿವೆ. ನಾನು ಹೇಳುವುದೆಲ್ಲ 2006ರ ಆಟದ್ದು.

ಮೊದಲ ಹೆಜ್ಜೆ: ನಿಯಮವನ್ನು ಲೆಕ್ಕದ ಸಮೇತ ತಿಳಿದುಕೊಳ್ಳಿ

ಹಲಗೆಯಲ್ಲಿ ಆರು ಮೂಲೆಯ ಮನೆಗಳಿವೆ. ಅಡ್ಡಕ್ಕೆ 13, ಉದ್ದಕ್ಕೆ 9. ಒಂದು ಮನೆಯಲ್ಲಿ ಒಂದೇ ತುಕಡಿ. ಕಾಲಾಳು ತುಕಡಿಯಲ್ಲಿ ನಾಲ್ಕು ಗೊಂಬೆ, ಕುದುರೆ ತುಕಡಿಯಲ್ಲಿ ಮೂರು. ಪ್ರತಿ ತುಕಡಿಗೂ ಬಾವುಟ ಇದೆ. ಹಸಿರು ಬಾವುಟದವರು ಎರಡು ದಾಳ ಹಾಕಿ ಹೊಡೆಯುತ್ತಾರೆ, ನೀಲಿಯವರು ಮೂರು, ಕೆಂಪಿನವರು ನಾಲ್ಕು. ಗೊಂಬೆ ಎಷ್ಟು ಉಳಿದಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಒಬ್ಬನೇ ಉಳಿದ ನೀಲಿ ತುಕಡಿಗೂ ಮೂರು ದಾಳವೇ.

ದಾಳದ ಆರು ಮುಖಗಳಲ್ಲಿ ಮೂರರಲ್ಲಿ ಹಸಿರು, ನೀಲಿ, ಕೆಂಪು ಶಿರಸ್ತ್ರಾಣಗಳಿವೆ. ಎದುರಾಳಿಯ ಬಾವುಟದ ಬಣ್ಣ ಬಿದ್ದರೆ ಒಂದು ಗೊಂಬೆ ಹೋಗುತ್ತದೆ. ಇನ್ನೊಂದು ಮುಖ ಕತ್ತಿಯದು. ಕೈಗೆ ಕೈ ಹತ್ತಿದ ಕಾಳಗದಲ್ಲಿ ಅದೂ ಪೆಟ್ಟೇ, ಆದರೆ ದೂರದಿಂದ ಬಿಡುವ ಬಾಣಕ್ಕೆ ಅಲ್ಲ. ಒಂದು ಮುಖದಲ್ಲಿ ಫ್ಲ್ಯಾಗ್ ಇದೆ, ಹಿಂದೆ ಸರಿ ಎಂದು ಅರ್ಥ. ಉಳಿದದ್ದು ಲೋರ್, ಅಂದರೆ ಮಾಯಾಶಕ್ತಿ.

ಈಗ ಆಸರೆ. ನಿಮ್ಮ ತುಕಡಿಗೆ ತಾಗಿದ ಮನೆಗಳಲ್ಲಿ ನಿಮ್ಮದೇ ಎರಡು ತುಕಡಿ ಇದ್ದರೆ ಅದು ‘ಬೋಲ್ಡ್’ ಆಗುತ್ತದೆ. ಅಂದರೆ ಧೈರ್ಯ ಬರುತ್ತದೆ. ಅದರಿಂದ ಸಿಗುವ ಲಾಭ ಎರಡು. ತನ್ನ ಮೇಲೆ ಬಿದ್ದ ಒಂದು ಫ್ಲ್ಯಾಗನ್ನು ಕಡೆಗಣಿಸಬಹುದು. ಕೈಗೆ ಕೈ ಹತ್ತಿದ ಕಾಳಗದಲ್ಲಿ ಸಾಯದೆ, ಜಾಗ ಬಿಡದೆ ನಿಂತರೆ, ಆಗಲೇ ತಿರುಗಿ ಹೊಡೆಯಬಹುದು. ಡ್ವಾರ್ಫ್‌ಗಳಿಗೆ ಈ ಧೈರ್ಯ ಹುಟ್ಟಿನಿಂದಲೇ ಇದೆ, ಯಾರೂ ಪಕ್ಕದಲ್ಲಿ ಬೇಡ. ಗಾಬ್ಲಿನ್‌ಗಳು ತದ್ವಿರುದ್ಧ, ಬೇಗ ಹೆದರಿ ಓಡುವವರು.

ಒಂದು ಫ್ಲ್ಯಾಗ್ ಕಡೆಗಣಿಸುವುದು ದೊಡ್ಡ ವಿಷಯವೇ? ಲೆಕ್ಕ ಹಾಕಿ ನೋಡಿ. ಮೂರು ದಾಳ ಹಾಕಿದಾಗ ಒಂದಾದರೂ ಫ್ಲ್ಯಾಗ್ ಬೀಳುವ ಸಂಭವ 216ರಲ್ಲಿ 91. ಅಂದರೆ ನೂರಕ್ಕೆ ಸುಮಾರು 42. ಎರಡು ಅಥವಾ ಮೂರು ಫ್ಲ್ಯಾಗ್ ಬೀಳುವ ಸಂಭವ 216ರಲ್ಲಿ 16 ಮಾತ್ರ, ನೂರಕ್ಕೆ ಏಳು. ಹಾಗಾಗಿ ಆಸರೆ ಇಲ್ಲದವನು ನೂರರಲ್ಲಿ 42 ಸಲ ಜಾಗ ಬಿಡುತ್ತಾನೆ, ಆಸರೆ ಇದ್ದವನು ಏಳೇ ಸಲ. ಎದುರಾಳಿ ನಾಲ್ಕು ದಾಳದ ಕೆಂಪಿನವನಾದರೆ ಈ ಲೆಕ್ಕ 52 ಮತ್ತು 13.

ತಿರುಗೇಟಿನ ಲೆಕ್ಕ ಇನ್ನೂ ಸರಳ. ಕತ್ತಿ ಹಿಡಿದ ನೀಲಿ ಕಾಲಾಳಿಗೆ ಒಂದೊಂದು ದಾಳದಲ್ಲೂ ಪೆಟ್ಟಾಗುವ ಮುಖ ಎರಡು. ಮೂರು ದಾಳಕ್ಕೆ ಸರಾಸರಿ ಒಂದು ಪೆಟ್ಟು. ಕೆಂಪು ಕುದುರೆ ತುಕಡಿಯೊಂದು ನಿಮ್ಮ ಬೋಲ್ಡ್ ತುಕಡಿಯ ಮೇಲೆ ಏರಿ ಬಂದು ಅದನ್ನು ಕದಲಿಸಲಾಗದೆ ಹೋದರೆ, ಅವನ ಮೂರು ಗೊಂಬೆಗಳಲ್ಲಿ ಒಂದು ಅವನ ಸರದಿಯಲ್ಲೇ ಹೋಗುವ ಹಾಗೆ. ಇದು ಗೊತ್ತಿದ್ದವನು ಏರಿ ಬರುವ ಮೊದಲು ಎರಡು ಸಲ ಯೋಚಿಸುತ್ತಾನೆ. ಅವನು ಯೋಚಿಸುತ್ತಾ ಕಳೆದ ಸರದಿಯೂ ನಿಮಗೆ ಲಾಭವೇ.

ಎರಡನೇ ಹೆಜ್ಜೆ: ಕೆಂಪುಕಲ್ಲಿನ ಗೋಡೆ ನೋಡಿ

ಆರು ಮೂಲೆಯ ಮನೆಗಳ ನೆರೆಹೊರೆ ತಲೆಯಲ್ಲಿ ಕೂರಲು ನನಗೆ ಸಹಾಯ ಮಾಡಿದ್ದು ನಮ್ಮ ಗಾರೆ ಬಳಿಯದ ಕೊಟ್ಟಿಗೆ ಗೋಡೆ. ಕೆಂಪುಕಲ್ಲನ್ನು ಒಂದು ಸಾಲು ಇಟ್ಟು, ಅದರ ಮೇಲಿನ ಸಾಲನ್ನು ಅರ್ಧ ಕಲ್ಲಿನಷ್ಟು ಸರಿಸಿ ಕಟ್ಟಿರುತ್ತಾರೆ. ಒಂದು ಕಲ್ಲನ್ನು ಆರಿಸಿ ಅದಕ್ಕೆ ತಾಗಿದವನ್ನು ಎಣಿಸಿ. ಎಡಕ್ಕೆ ಒಂದು, ಬಲಕ್ಕೆ ಒಂದು, ಮೇಲೆ ಎರಡು, ಕೆಳಗೆ ಎರಡು. ಒಟ್ಟು ಆರು. ಹಲಗೆಯೂ ಹಾಗೇ ಇದೆ. ಪಕ್ಕದಲ್ಲಿ ಎರಡು ಮನೆ, ಶತ್ರುವಿನ ಕಡೆ ಎರಡು, ನಿಮ್ಮ ಕಡೆ ಎರಡು.

ಈಗ ಮೂರು ತುಕಡಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ. ನಡುವಿನವನಿಗೆ ಇಬ್ಬರು ನೆರೆಯವರು, ಅವನು ಬೋಲ್ಡ್. ತುದಿಯವರಿಗೆ ಒಬ್ಬೊಬ್ಬರೇ, ಅವರು ಅಲ್ಲ. ಹೊಸಬರು ಸಾಲು ಕಟ್ಟಿದ ಕೂಡಲೇ ಎಲ್ಲರಿಗೂ ಆಸರೆ ಸಿಕ್ಕಿತೆಂದು ಭಾವಿಸುತ್ತಾರೆ. ಬುದ್ಧಿವಂತ ಎದುರಾಳಿ ತುದಿಯವನನ್ನೇ ಹೊಡೆಯುತ್ತಾನೆ.

ಅದೇ ಮೂವರನ್ನು ಒಲೆಯ ಮೂರು ಕಲ್ಲಿನ ಹಾಗೆ ತ್ರಿಕೋನದಲ್ಲಿ ನಿಲ್ಲಿಸಿ. ಪ್ರತಿಯೊಬ್ಬನಿಗೂ ಉಳಿದ ಇಬ್ಬರು ತಾಗುತ್ತಾರೆ. ಮೂವರೂ ಬೋಲ್ಡ್. ಗೊಂಬೆ ಅಷ್ಟೇ, ಬಲ ಎಷ್ಟೋ ಜಾಸ್ತಿ. ಆದರೆ ಒಲೆಯ ಒಂದು ಕಲ್ಲು ಸರಿದರೆ ಪಾತ್ರೆ ನಿಲ್ಲುವುದಿಲ್ಲ, ಅಲ್ವಾ? ಹಾಗೇ ಇಲ್ಲಿ ಒಬ್ಬ ಹೋದರೂ ಉಳಿದ ಇಬ್ಬರ ಧೈರ್ಯವೂ ಹೋಯಿತು.

ಅದಕ್ಕೆ ನಾಲ್ಕನೆಯವನನ್ನು ಸೇರಿಸಿ ಗಾಳಿಪಟದ ಆಕಾರ ಮಾಡಿ. ಇಲ್ಲಿ ನಡುವಿನ ಇಬ್ಬರಿಗೆ ಮೂರು ಮೂರು ನೆರೆ, ತುದಿಯ ಇಬ್ಬರಿಗೆ ಎರಡೆರಡು. ತುದಿಯವನು ಸತ್ತರೆ ತ್ರಿಕೋನ ಉಳಿಯುತ್ತದೆ, ಯಾರ ಧೈರ್ಯವೂ ಹೋಗುವುದಿಲ್ಲ. ನಡುವಿನವನು ಸತ್ತರೆ ಉಳಿದ ಮೂವರಲ್ಲಿ ಒಬ್ಬನೇ ಬೋಲ್ಡ್. ಆದ್ದರಿಂದ ಪೂರ್ತಿ ನಾಲ್ಕು ಗೊಂಬೆ ಇರುವ ಗಟ್ಟಿ ತುಕಡಿಗಳನ್ನು ನಡುವೆ ಇಡಿ. ಐದು ಆರು ತುಕಡಿ ಇದ್ದರೆ ಇದೇ ಆಕಾರವನ್ನು ಅಡ್ಡಕ್ಕೆ ಬೆಳೆಸಿ. ಹಿಂದೊಬ್ಬ, ಮುಂದೊಬ್ಬ ಎಂದು ಅಂಕುಡೊಂಕಾಗಿ ಎರಡು ಸಾಲು. ಈ ಪಟ್ಟಿಯಲ್ಲಿ ತುದಿಯವರಿಗೂ ಇಬ್ಬರು ನೆರೆಯವರು ಸಿಗುತ್ತಾರೆ.

ಮೂರನೇ ಹೆಜ್ಜೆ: ಹಿಂದಿನ ಮನೆ ಖಾಲಿ ಇಡಿ

ನಾನು ತಪ್ಪಿದ್ದು ಇಲ್ಲೇ, ಆದ್ದರಿಂದ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಾವೆಲ್ಲ ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಹುಲಿ-ಕುರಿ ಆಡಿದವರು. ಅಲ್ಲಿ ಹುಲಿ ಕುರಿಯ ಮೇಲಿಂದ ಹಾರಬೇಕಾದರೆ ಕುರಿಯ ಹಿಂದೆ ಜಾಗ ಖಾಲಿ ಇರಬೇಕು. ಅದಕ್ಕೇ ಕುರಿ ಆಡುವವರು ಒಂದರ ಹಿಂದೆ ಇನ್ನೊಂದನ್ನು ತುಂಬುತ್ತಾರೆ. ಹಿಂದೆ ತುಂಬಿದ್ದರೆ ಕುರಿ ಉಳಿಯುತ್ತದೆ, ಖಾಲಿ ಬಿಟ್ಟರೆ ಸಾಯುತ್ತದೆ. ಈ ಬುದ್ಧಿ ಕೈಗೆ ಅಂಟಿಬಿಟ್ಟಿರುತ್ತದೆ. ಬ್ಯಾಟಲ್‌ಲೋರ್ ಹಲಗೆಯ ಮುಂದೆ ಕೂತಾಗಲೂ ನಾನು ಸುಮ್ನೆ ಹಿಂದಿನ ಮನೆಗಳನ್ನು ತುಂಬುತ್ತಾ ಹೋದೆ.

ಇಲ್ಲಿ ನಿಯಮ ತಿರುಗುಮುರುಗು. ಒಂದು ಫ್ಲ್ಯಾಗಿಗೆ ಒಂದು ಮನೆ ಹಿಂದೆ ಸರಿಯಬೇಕು, ನಿಮ್ಮ ಬದಿಯ ಕಡೆಗೇ. ಸ್ವಂತ ತುಕಡಿಗಳ ನಡುವೆ ತೂರಿಕೊಂಡು ಹೋಗುವಂತಿಲ್ಲ. ಸರಿಯಲು ಮನೆ ಇಲ್ಲದಿದ್ದರೆ ಸರಿಯಲಾಗದ ಒಂದೊಂದು ಮನೆಗೂ ಒಂದೊಂದು ಗೊಂಬೆ ಸಾಯುತ್ತದೆ. ಅಂದರೆ ಹಿಂದೆ ತುಂಬಿ ನಿಂತ ನಿಮ್ಮವರೇ ಮುಂದಿನವನ ಸಾವಿಗೆ ಕಾರಣ.

ತ್ರಿಕೋನವನ್ನು ಎರಡು ರೀತಿಯಲ್ಲಿ ಇಡಬಹುದು. ಒಬ್ಬ ಮುಂದೆ, ಇಬ್ಬರು ಹಿಂದೆ. ಅಥವಾ ಇಬ್ಬರು ಮುಂದೆ, ಒಬ್ಬ ಹಿಂದೆ. ನೋಡಲು ಮೊದಲನೆಯದೇ ಚೆಂದ, ಈಟಿಯ ಮೊನೆಯ ಹಾಗೆ. ಆದರೆ ಮುಂದಿನವನ ಹಿಂದಿರುವ ಎರಡೂ ಮನೆಗಳನ್ನು ಅವನ ಆಸರೆಯವರೇ ಹಿಡಿದಿದ್ದಾರೆ. ಎರಡು ಫ್ಲ್ಯಾಗ್ ಬಿತ್ತೆಂದರೆ ಒಂದನ್ನು ಕಡೆಗಣಿಸಬಹುದು, ಇನ್ನೊಂದಕ್ಕೆ ಗೊಂಬೆ ಕೊಡಲೇಬೇಕು. ಎರಡನೆಯ ರೀತಿಯಲ್ಲಿ ಮುಂದಿನ ಇಬ್ಬರಿಗೂ ಹಿಂದೆ ಎರಡು ಮನೆಗಳಲ್ಲಿ ಒಂದು ತುಂಬಿದೆ, ಒಂದು ಖಾಲಿ. ಆಸರೆಯೂ ಇದೆ, ದಾರಿಯೂ ಇದೆ. ಕಾರಣವಿಲ್ಲದೆ ಮೊದಲನೆಯದನ್ನು ಆರಿಸಬೇಡಿ.

ನೂರಕ್ಕೆ ಏಳೇ ಸಲ ಆಗುವುದಕ್ಕೆ ಇಷ್ಟು ಯೋಚನೆ ಏಕೆ ಎಂದು ಕೇಳಬಹುದು. ಒಂದು ದಾಳಿಗೆ ಏಳು. ಮುಂದಿನ ಸಾಲಿನವರ ಮೇಲೆ ಒಂದು ಆಟದಲ್ಲಿ ಹತ್ತು ಸಲ ಮೂರು ದಾಳದ ಪೆಟ್ಟು ಬಿದ್ದರೆ, ಒಮ್ಮೆಯಾದರೂ ಎರಡು ಫ್ಲ್ಯಾಗ್ ಕಾಣುವ ಸಂಭವ ಅರ್ಧಕ್ಕಿಂತ ಜಾಸ್ತಿ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಫ್ಲ್ಯಾಗನ್ನು ಕಡೆಗಣಿಸ‘ಬಹುದು’ ಅಷ್ಟೇ, ಕಡೆಗಣಿಸಲೇಬೇಕೆಂದಿಲ್ಲ. ಒಂದೇ ಗೊಂಬೆ ಉಳಿದ ತುಕಡಿಯ ಮೇಲೆ ಒಂದು ಫ್ಲ್ಯಾಗ್ ಬಿತ್ತು ಎನ್ನಿ. ಪಕ್ಕದಲ್ಲಿ ಇನ್ನೊಬ್ಬ ಶತ್ರು ಹೊಡೆಯಲು ಕಾದಿದ್ದಾನೆ. ಆಗ ಆ ಫ್ಲ್ಯಾಗ್ ಒಂದು ವರ. ಹಿಂದೆ ಸರಿದು ಬದುಕಿಕೊಳ್ಳಿ. ಪೂರ್ತಿ ಸತ್ತ ತುಕಡಿಯ ಬಾವುಟ ಕೊಂದವನಿಗೆ ಹೋಗುತ್ತದೆ, ನೀವು ಉಳಿದದ್ದರಿಂದ ಎದುರಾಳಿಗೆ ಒಂದು ಬಾವುಟ ಕಡಿಮೆಯಾಯಿತು. ಹೆಚ್ಚಿನ ಆಟಗಳು ಐದೋ ಆರೋ ಬಾವುಟಕ್ಕೆ ಮುಗಿಯುತ್ತವೆ, ಹಾಗಿರುವಾಗ ಒಂದು ಬಾವುಟ ಚಿಕ್ಕದಲ್ಲ. ಆದರೆ ಹಿಂದೆ ಖಾಲಿ ಮನೆ ಇದ್ದರೆ ಮಾತ್ರ ಈ ವರ ಸಿಗುತ್ತದೆ.

ಹಲಗೆಯ ಅಂಚೂ ಗೋಡೆಯೇ. ನದಿಯೂ ಗೋಡೆಯೇ. ಹಾಯುಗಡವೋ ಸೇತುವೆಯೋ ಇಲ್ಲದ ಕಡೆ ನದಿಯನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಮಳೆಗಾಲದ ಚಂದ್ರಗಿರಿ ಹೊಳೆಯನ್ನು ಬೆನ್ನಿಗೆ ಹಾಕಿಕೊಂಡ ಹಾಗೆ. ನಾನು ಹಾಗೆ ನಿಂತ ದಿನ ಎಂಟು ತುಕಡಿಗಳನ್ನು ಒತ್ತಾಗಿ ಮೂರು ಸಾಲು ಮಾಡಿದ್ದೆ. ಹೆಚ್ಚಿನವರೆಲ್ಲ ಬೋಲ್ಡ್. ನನ್ನ ಎದುರು ಕೂತಿದ್ದವಳು ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿ. ಅವಳು ಮುಂದಿನ ಸಾಲಿನ ಒಬ್ಬನನ್ನೇ ಹಿಡಿದು ಮತ್ತೆ ಮತ್ತೆ ಹೊಡೆದಳು. ಎರಡು ಫ್ಲ್ಯಾಗ್ ಬಿದ್ದಾಗಲೆಲ್ಲ ನನ್ನ ಗೊಂಬೆಯೊಂದು ಪೆಟ್ಟಿಗೆಗೆ ಹೋಯಿತು. ಆ ಗುಂಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳಿಗೆ ಅದು ಮೊದಲೇ ಕಂಡಿತ್ತು.

ನಾಲ್ಕನೇ ಹೆಜ್ಜೆ: ಆಸರೆಗೆ ಯಾರನ್ನು ನಿಲ್ಲಿಸಬೇಕು

ಆಸರೆ ಕೊಡಲು ಬಲ ಬೇಡ, ಪಕ್ಕದಲ್ಲಿ ಇದ್ದರೆ ಸಾಕು. ಈ ಒಂದು ಮಾತು ಆಟವನ್ನೇ ಬದಲಿಸುತ್ತದೆ. ಒಂದೇ ಗೊಂಬೆ ಉಳಿದ ತುಕಡಿ ಕೊಡುವ ಆಸರೆಗೂ ನಾಲ್ಕು ಗೊಂಬೆಯ ತುಕಡಿ ಕೊಡುವ ಆಸರೆಗೂ ವ್ಯತ್ಯಾಸವಿಲ್ಲ. ಪೆಟ್ಟು ತಿಂದು ಸೋತವರನ್ನು ಹಲಗೆಯ ಮೂಲೆಗೆ ಓಡಿಸಿ ಮರೆತುಬಿಡುವವರು ಇದ್ದಾರೆ. ಅವರನ್ನು ಎರಡನೇ ಸಾಲಿಗೆ ತನ್ನಿ. ಅಲ್ಲಿಂದ ಅವರು ಮುಂದಿನ ಇಬ್ಬರಿಗೆ ಬೆನ್ನಾಗುತ್ತಾರೆ.

ಹಸಿರು ಬಾವುಟದ ಬಿಲ್ಲುಗಾರರು ಈ ಕೆಲಸಕ್ಕೆ ತುಂಬ ಒಳ್ಳೆಯವರು. ಅವರು ಹೇಗೂ ಹಿಂದೆ ನಿಂತು ಬಾಣ ಬಿಡುವವರು. ಅವರ ಮುಂದಿನ ಎರಡು ಮನೆಗಳಲ್ಲಿ ನೀಲಿ ಅಥವಾ ಕೆಂಪು ಕಾಲಾಳುಗಳನ್ನು ನಿಲ್ಲಿಸಿದರೆ ಇಬ್ಬರು ಮುಂದೆ, ಒಬ್ಬ ಹಿಂದೆ ಎಂಬ ತ್ರಿಕೋನ ತಾನಾಗಿಯೇ ಸಿದ್ಧ. ನನ್ನ ಮೆಚ್ಚಿನ ಜೋಡಣೆ ಇದೇ. ಯಕ್ಷಗಾನದಲ್ಲಿ ಕುಣಿಯುವವನು ಮುಂದೆ, ಚೆಂಡೆ ಮದ್ದಳೆ ಹಿಂದೆ. ಹಿಂದಿನವರು ರಂಗಕ್ಕೆ ಇಳಿಯುವುದಿಲ್ಲ, ಆದರೆ ಅವರಿಲ್ಲದೆ ಮುಂದಿನ ಹೆಜ್ಜೆ ಏಳುವುದಿಲ್ಲ. ಈ ತುಕಡಿಗಳೂ ಹಾಗೇ.

ಕುದುರೆಗಳನ್ನು ಆಸರೆಗೆ ಕಟ್ಟಿಹಾಕಬೇಡಿ. ಅವುಗಳ ಬೆಲೆ ಓಟದಲ್ಲಿದೆ. ಒಂದು ಸರದಿಯ ಮಟ್ಟಿಗೆ ತೂತು ಮುಚ್ಚಲು ತಂದರೆ ಸರಿ.

ಐದನೇ ಹೆಜ್ಜೆ: ಆಕಾರ ಕೆಡದಂತೆ ನಡೆಸಿ

ನಿಂತಿರುವಾಗ ತ್ರಿಕೋನ ಸುಲಭ. ನಡೆಯುವಾಗ ಕಷ್ಟ, ಯಾಕೆಂದರೆ ನಿಮ್ಮ ಕಾರ್ಡು ಎಲ್ಲರಿಗೂ ಅಪ್ಪಣೆ ಕೊಡುವುದಿಲ್ಲ. ಎಡ, ನಡು, ಬಲ ಎಂದು ಹಲಗೆ ಮೂರು ಭಾಗವಾಗಿದೆ. ಕಾರ್ಡು ಒಂದು ಭಾಗದಲ್ಲಿ ಒಬ್ಬರಿಗೋ ಇಬ್ಬರಿಗೋ ಮೂವರಿಗೋ ಅಪ್ಪಣೆ ಕೊಡುತ್ತದೆ. ಮೂವರ ತ್ರಿಕೋನವನ್ನು ಇಡಿಯಾಗಿ ಮುಂದೆ ಸರಿಸಲು ಮೂವರ ಕಾರ್ಡೇ ಬೇಕು. ಅಂಥ ಕಾರ್ಡು ಕೈಗೆ ಬಂದಾಗ ಮೊದಲ ಸರದಿಯಲ್ಲೇ ಖರ್ಚು ಮಾಡಬೇಡಿ. ಶತ್ರುವಿಗೆ ತಾಗುವ ಸರದಿಗೆ ಉಳಿಸಿಕೊಳ್ಳಿ. ದೂರದಲ್ಲಿರುವಾಗ ಇಬ್ಬರ ಕಾರ್ಡಿನಿಂದ ಆಕಾರ ಸ್ವಲ್ಪ ಕೆಟ್ಟರೂ ನಷ್ಟವಿಲ್ಲ.

ಭಾಗಗಳ ನಡುವೆ ಚುಕ್ಕಿಗೆರೆ ಇದೆ. ಗೆರೆ ಹಾದುಹೋಗುವ ಮನೆಯಲ್ಲಿರುವ ತುಕಡಿ ಎರಡೂ ಭಾಗಕ್ಕೆ ಸೇರುತ್ತದೆ. ಹಿಂದಿನ ಆಸರೆಯವನನ್ನು ಅಂಥ ಮನೆಯಲ್ಲಿ ನಿಲ್ಲಿಸಿದರೆ ಯಾವ ಕಡೆಯ ಕಾರ್ಡು ಬಂದರೂ ಅವನನ್ನು ನಡೆಸಬಹುದು.

ಹಸಿರು ಬಾವುಟದವರ ಕಾಲು ಚುರುಕು, ಕೆಂಪಿನವರದು ನಿಧಾನ. ಚುರುಕಿನವರು ಮುಂದೆ ಓಡಿದರೆ ಅವರೂ ಒಂಟಿ, ಹಿಂದುಳಿದವರೂ ಒಂಟಿ. ಕೆಂಪಿನವರ ನಡಿಗೆಗೆ ಉಳಿದವರು ಹೊಂದಿಕೊಳ್ಳಲಿ. ಇನ್ನೊಂದು ಅನುಕೂಲ ಇದೆ. ಒಂದು ಸರದಿಯಲ್ಲಿ ಎಲ್ಲರ ನಡಿಗೆ ಮುಗಿದ ಮೇಲೆಯೇ ಹೊಡೆದಾಟ. ಹಾಗಾಗಿ ನಡೆಯುವಾಗ ಆಸರೆ ಕಟ್ಟಿಕೊಂಡೇ ಕತ್ತಿ ಎತ್ತಬಹುದು.

ಆರನೇ ಹೆಜ್ಜೆ: ಗೆದ್ದಾಗ ಓಡಬೇಡಿ

ಶತ್ರು ಸತ್ತರೆ ಅಥವಾ ಹಿಂದೆ ಸರಿದರೆ ಆ ಮನೆಗೆ ನುಗ್ಗುವ ಹಕ್ಕು ನಿಮಗಿದೆ. ಅದು ಕಡ್ಡಾಯವಲ್ಲ. ನುಗ್ಗುವ ಮುಂಚೆ ಎರಡನ್ನು ನೋಡಿ. ನಾನು ಹೋದರೆ ಅಲ್ಲಿ ನನಗೆ ಇಬ್ಬರು ತಾಗುತ್ತಾರಾ? ನಾನು ಬಿಟ್ಟ ಮೇಲೆ ಇಲ್ಲಿ ಉಳಿದವರಿಗೆ ಇಬ್ಬರು ತಾಗುತ್ತಾರಾ? ಎರಡಕ್ಕೂ ಇಲ್ಲ ಎಂದಾದರೆ ನಿಂತಲ್ಲೇ ಇರಿ. ಕುದುರೆಯವರಿಗೆ ಬೆನ್ನಟ್ಟಿ ಇನ್ನೊಮ್ಮೆ ಹೊಡೆಯುವ ಅವಕಾಶ ಇರುವುದರಿಂದ ಆಸೆ ಇನ್ನೂ ಜಾಸ್ತಿ. ಆ ಎರಡನೇ ಪೆಟ್ಟು ಕೊನೆಯ ಬಾವುಟ ತರುವುದಾದರೆ ಖಂಡಿತ ಹೋಗಿ.

ಏಳನೇ ಹೆಜ್ಜೆ: ಎದುರಾಳಿಯ ಆಸರೆ ಕಳಚುವುದು

ಇಲ್ಲಿಯವರೆಗೆ ನಿಮ್ಮ ಗೋಡೆ ಕಟ್ಟಿದ್ದು. ಅವನ ಗೋಡೆ ಬೀಳಿಸಲು ಅದೇ ಕಣ್ಣು ಸಾಕು. ಬೋಲ್ಡ್ ಆಗಿರುವವನನ್ನು ನೇರವಾಗಿ ಹೊಡೆಯಬೇಡಿ. ಅವನಿಗೆ ಆಸರೆ ಕೊಡುವ ಇಬ್ಬರನ್ನು ನೋಡಿ, ಅವರಲ್ಲಿ ತಾನೇ ಬೋಲ್ಡ್ ಅಲ್ಲದವನನ್ನು ಹುಡುಕಿ. ಸಾಲಿನ ತುದಿಯಲ್ಲಿ ಅಂಥವನು ಯಾವಾಗಲೂ ಸಿಗುತ್ತಾನೆ. ಅವನ ಮೇಲೆ ಒಂದು ಫ್ಲ್ಯಾಗ್ ಬಿದ್ದರೂ ಸಾಕು, ಸರಿಯಲೇಬೇಕು. ಅವನು ಸರಿದ ಕೂಡಲೇ ಪಕ್ಕದವನ ಧೈರ್ಯ ಹೋಯಿತು. ನಿಮ್ಮ ದಾಳಿಗಳನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದು ನಿಮ್ಮದೇ ಆಯ್ಕೆ, ಹಾಗಾಗಿ ಈ ಹೊಡೆತ ಮೊದಲು ಬರಲಿ. ದೊಡ್ಡ ತುಕಡಿಯ ಹೊಡೆತ ಅದರ ನಂತರ.

ಈ ಮೊದಲ ಹೊಡೆತಕ್ಕೆ ಬಿಲ್ಲುಗಾರರೇ ಸರಿ. ದೂರದ ಬಾಣಕ್ಕೆ ತಿರುಗೇಟು ಇಲ್ಲ. ಬಾಣದಿಂದ ಗೊಂಬೆ ಸಾಯುವುದು ಕಡಿಮೆ, ಆದರೆ ಫ್ಲ್ಯಾಗ್ ಬೀಳುವ ಸಂಭವ ಬಾಣಕ್ಕೂ ಕತ್ತಿಗೂ ಒಂದೇ. ಒತ್ತಾಗಿ ತುಂಬಿ ನಿಂತವನು ಎದುರಿಗಿದ್ದರೆ ಮಾತ್ರ ಬೇರೆ ದಾರಿ. ಆಗ ಆ ಹುಡುಗಿ ಮಾಡಿದ ಹಾಗೆ ನಾಲ್ಕು ದಾಳದವರಿಂದ ಮುಂದಿನ ಒಬ್ಬನನ್ನೇ ಬಡಿಯಿರಿ.

ಅಭ್ಯಾಸ

ಪೆಟ್ಟಿಗೆ ಇಲ್ಲದಿದ್ದರೂ ಇದನ್ನು ಕಲಿಯಬಹುದು. ದೊಡ್ಡ ಕಾಗದದ ಮೇಲೆ ಕೆಂಪುಕಲ್ಲಿನ ಗೋಡೆಯ ಹಾಗೆ ಅಡ್ಡಕ್ಕೆ ಏಳು, ಉದ್ದಕ್ಕೆ ಆರು ಮನೆ ಬರೆಯಿರಿ. ಸಾಲು ಬಿಟ್ಟು ಸಾಲು ಅರ್ಧ ಸರಿದಿರಲಿ. ಚೆನ್ನೆಮಣೆಯ ಮಂಜೊಟ್ಟಿ ಬೀಜಗಳು ಗೊಂಬೆಗಳಾಗಲಿ, ಒಂದು ಮನೆಯಲ್ಲಿ ನಾಲ್ಕು. ಎದುರಿನವರಿಗೆ ಅಡಿಕೆ ಹೋಳು. ಸಾಮಾನ್ಯ ದಾಳವೇ ಸಾಕು. 1 ಹಸಿರು, 2 ನೀಲಿ, 3 ಕೆಂಪು, 4 ಕತ್ತಿ, 5 ಲೋರ್, 6 ಫ್ಲ್ಯಾಗ್. ಲೋರ್ ಬಿದ್ದರೆ ಸದ್ಯಕ್ಕೆ ಏನೂ ಇಲ್ಲ. ಮಾಯೆಯ ಕಾರ್ಡುಗಳನ್ನು ಆಸರೆ ಕೈಗೆ ಹತ್ತಿದ ಮೇಲೆ ತೆಗೆದುಕೊಂಡರಾಯಿತು.

ಇಬ್ಬರಿಗೂ ನಾಲ್ಕು ನಾಲ್ಕು ನೀಲಿ ಕಾಲಾಳು ತುಕಡಿ. ಸರದಿಗೆ ಎರಡು ತುಕಡಿ ಮಾತ್ರ ಒಂದೊಂದು ಮನೆ ನಡೆಯಲಿ, ಹೊಡೆಯಲಿ. ಮೊದಲ ಆಟದಲ್ಲಿ ಒಬ್ಬರು ನೇರ ಸಾಲು ಹಿಡಿಯಿರಿ, ಇನ್ನೊಬ್ಬರು ಗಾಳಿಪಟ. ಎರಡನೇ ಆಟದಲ್ಲಿ ಇಬ್ಬರೂ ಗಾಳಿಪಟವನ್ನೇ ಹಿಡಿಯಿರಿ, ಆದರೆ ಒಬ್ಬರ ಬೆನ್ನು ಕಾಗದದ ಅಂಚಿಗೆ ತಾಗಿರಲಿ, ಇನ್ನೊಬ್ಬರದು ಒಂದು ಸಾಲು ಮುಂದಿರಲಿ. ಹೊಡೆತದಿಂದ ಹೋದ ಬೀಜಗಳನ್ನು ಎಡಕ್ಕೂ, ಸರಿಯಲು ಜಾಗವಿಲ್ಲದೆ ಹೋದವನ್ನು ಬಲಕ್ಕೂ ಬೇರೆ ಬೇರೆ ರಾಶಿ ಹಾಕಿ. ನಾಲ್ಕು ಆಟ ಆದ ಮೇಲೆ ಬಲಗಡೆಯ ರಾಶಿಯನ್ನು ಎಣಿಸಿ, ಬದಿ ಬದಲಿಸಿ ಮತ್ತೆ ನಾಲ್ಕು ಆಡಿ.